ಇಂಜಿನ್ನಿಗೆ ಹಚ್ಚಿದ ಪೌಡರು

ಆ ಭಾನುವಾರ ಬೆಳಿಗ್ಗೆಯೂ ಹಾಲಿನ ಪ್ಯಾಕೆಟ್ಟುಗಳನ್ನು ಒಳಗಿಟ್ಟು, ಅತ್ತೆಯವರಿಗೆ ಬಿಸಿನೀರು ಕೊಟ್ಟು, ಪೊರಕೆ ಹಿಡಿದು ಗೇಟಿನ ಹತ್ತಿರ ಹೋದೆ. ಶಿವರಾತ್ರಿ ಹತ್ತಿರವಿತ್ತು. ಬಸವೇಶ್ವರನಗರದ ನಮ್ಮ ಬೀದಿಯ ಹೊಂಗೆಮರಗಳು ಆ ದಿನಗಳಲ್ಲಿ ಎಲೆ ಉದುರಿಸುವುದನ್ನೇ ಕಸುಬು ಮಾಡಿಕೊಂಡಿರುತ್ತವೆ. ಗುಡಿಸುವಾಗ ಒಣಗಿದ ಎಲೆಗಳು ಹಪ್ಪಳ ಮುರಿದಂತೆ ಸದ್ದು ಮಾಡುತ್ತವೆ. ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಡಬ್ಬಿ ಎತ್ತಿಕೊಳ್ಳುವ ಮುಂಚೆ ಮಾಡಬೇಕಾದ ಇನ್ನೊಂದು ಕೆಲಸ ಕೆಲವು ತಿಂಗಳಿಂದ ನನ್ನ ಬೆಳಗಿಗೆ ಸೇರಿಕೊಂಡಿತ್ತು. ಪೋರ್ಟಿಕೋದಲ್ಲಿ ನಿಂತ ನಮ್ಮ ಹಳೆಯ ಕಾರಿನ ಕೆಳಗಿನಿಂದ ರಟ್ಟನ್ನು ಎಳೆದು ನೋಡುವುದು.

ಮಿಕ್ಸಿ ಬಂದಿದ್ದ ಪೆಟ್ಟಿಗೆಯನ್ನು ಬಿಚ್ಚಿ ಹಾಸಿದ ರಟ್ಟು ಅದು. ಇಂಜಿನ್ನಿನಿಂದ ಸೋರಿದ ಎಣ್ಣೆಯ ಹಳೆಯ ಹನಿಗಳು ಅದರಲ್ಲಿ ಇಂಗಿ, ಅಂಚು ಕಂದಾಗಿ, ಒಂದರೊಳಗೊಂದು ಕೂಡಿಕೊಂಡಿರುತ್ತಿದ್ದವು. ರಾತ್ರಿ ಬಿದ್ದ ಹೊಸ ಹನಿ ಮಾತ್ರ ಕಾಡಿಗೆಯ ಬೊಟ್ಟಿನ ಹಾಗೆ ಉಬ್ಬಿಕೊಂಡು ಹೊಳೆಯುತ್ತಿತ್ತು. ಆ ಬೆಳಿಗ್ಗೆಯೂ ಹೊಳೆಯುತ್ತಿತ್ತು.

ರಟ್ಟು ಹಾಸುವ ಬುದ್ಧಿ ಬರುವ ಮುಂಚೆ ಬಿದ್ದ ಎಣ್ಣೆ ಇಳಿಜಾರಿನಲ್ಲಿ ಜಾರಿ ಗೇಟಿನ ಮುಂದೆ ಒಂದು ಕಲೆ ಮಾಡಿತ್ತು. ಸೋಪಿನ ಪುಡಿ, ನಿಂಬೆ ಹೋಳು, ತೆಂಗಿನ ನಾರು, ಯಾವುದಕ್ಕೂ ಅದು ಜಗ್ಗಲಿಲ್ಲ. ನೀರು ಬಿದ್ದರೆ ಅದರ ಮೇಲೆ ನವಿಲುಗರಿಯ ಬಣ್ಣಗಳು ಏಳುತ್ತಿದ್ದವು, ನೋಡಲು ಚಂದವೇ. ಆದರೆ ರಂಗೋಲಿ ಪುಡಿ ಅಲ್ಲಿ ಕೂರದೆ ಮಂಕಾಗುತ್ತಿತ್ತು. ಕೊನೆಗೆ ನಾನೇ ಸೋತು, ಕಲೆಯನ್ನೂ ಸೇರಿಸಿಕೊಂಡೇ ಚುಕ್ಕಿ ಇಡುವುದನ್ನು ಕಲಿತೆ. ಒಂದು ದಿನ ಅದು ಸೂರ್ಯಕಾಂತಿಯ ನಡು, ಇನ್ನೊಂದು ದಿನ ಹಂಸದ ಕಣ್ಣು.

ಎದುರು ಮನೆಯವರು, ನನ್ನ ಓರಗೆಯವರೇ, ಅದೇ ಹೊತ್ತಿಗೆ ತಮ್ಮ ಗೇಟಿನಲ್ಲಿ ನೀರು ಹಾಕುತ್ತಿದ್ದರು. ನನ್ನ ಕೈಯಲ್ಲಿ ರಟ್ಟು ಕಂಡದ್ದೇ ಅವರ ತಮಾಷೆ ಶುರುವಾಯಿತು.

"ಏನ್ರೀ, ಇವತ್ತೂ ಅಭ್ಯಂಜನಾನಾ ನಿಮ್ ಕಾರಿಗೆ? ನಮ್ ಯಜಮಾನ್ರಿಗೆ ವರ್ಷಕ್ಕೊಂದ್ಸಲ ಎಣ್ಣೆ ಹಚ್ಚೋದೇ ದೊಡ್ಡ ಯುದ್ಧ."

"ಇವತ್ತು ಸ್ವಲ್ಪ ಕಮ್ಮಿ ರೀ" ಎಂದೆ.

"ಕಮ್ಮಿ ಆಗಿದ್ರೆ ಒಳಗೆ ಖಾಲಿ ಆಗಿರ್ಬೇಕು, ನೋಡಿ ಒಂದ್ಸಲ" ಎಂದು ನಕ್ಕು ಬಕೆಟ್ ಎತ್ತಿಕೊಂಡು ಒಳಗೆ ಹೋದರು.

ನಾನೂ ನಕ್ಕೆ. ಆದರೆ ರಟ್ಟನ್ನು ಮತ್ತೆ ಒಳಗೆ ತಳ್ಳುವಾಗ ರಾತ್ರಿಯ ಮಾತು ನೆನಪಾಯಿತು. ಹಿಂದಿನ ರಾತ್ರಿ ಊಟದ ಹೊತ್ತಿಗೆ ನಮ್ಮ ಯಜಮಾನರು, ಚಟ್ನಿ ಬಡಿಸಿಕೊಳ್ಳುತ್ತಾ, "ನಾಳೆ ರಾತ್ರಿ ಅವ್ರಿಗೆ ಫೋನ್ ಮಾಡಿ ಬರೋಕೆ ಹೇಳ್ತೀನಿ" ಎಂದಿದ್ದರು. ಅವರು ಅಂದರೆ ಹಳೆಯ ಕಾರು ಕೊಳ್ಳುವವರು. ಬಂದರೆ ನೋಡಿ, ಅಂದೇ ತೆಗೆದುಕೊಂಡು ಹೋಗುವವರಂತೆ.

ಯಜಮಾನರ ಮೇಲೆ ತಪ್ಪು ಹೊರಿಸಲಾರೆ. ನಾವು ಹೋಗುವ ಗ್ಯಾರೇಜಿನಲ್ಲಿ ಟ್ಯಾಪೆಟ್ ಕವರ್, ಅಂದರೆ ಇಂಜಿನ್ನಿನ ನೆತ್ತಿಯ ಮೇಲೆ ಕೂರುವ ತಗಡಿನ ಮುಚ್ಚಳ, ಅದರ ಪ್ಯಾಕಿಂಗ್ ಬದಲಾಯಿಸಿಕೊಟ್ಟಿದ್ದರು. ಕಾರನ್ನು ಮೇಲೆತ್ತಿ ಕೆಳಗಿನ ಬೋಲ್ಟುಗಳನ್ನೂ ಬಿಗಿ ಮಾಡಿದ್ದರು. ಆದರೂ ಸೋರಿದಾಗ, "ಹಿಂದಿನ ಸೀಲ್ ಹೋಗಿರ್ಬೇಕು ಸಾರ್. ಅದಕ್ಕೆ ಇಂಜಿನ್ನೇ ಇಳಿಸ್ಬೇಕು. ಹಳೇ ಗಾಡಿ, ಯೋಚ್ನೆ ಮಾಡಿ" ಎಂದಿದ್ದರು. ಯಜಮಾನರು ಯೋಚನೆ ಮಾಡಿದ್ದರು. "ನೀನು ಕೆಂಗೇರಿಗೆ ತಾನೆ ಹೋಗೋದು? ವಿಜಯನಗರದಲ್ಲಿ ಮೆಟ್ರೋ ಹತ್ತಿದ್ರೆ ಸೀದಾ ಇಳೀಬಹುದು" ಎಂದು ನನಗೂ ದಾರಿ ತೋರಿಸಿದ್ದರು.

ಕೆಂಗೇರಿಯಲ್ಲಿ ನನ್ನ ಅಕ್ಕ ಇದ್ದಾಳೆ. ಮೆಟ್ರೋದಲ್ಲಿ ಹೋಗಬಹುದು, ಹೋಗಿಯೂ ಇದ್ದೇನೆ. ಆದರೆ ಆ ಕಾರಿನಲ್ಲಿ ಹೋಗುವುದು ಬೇರೆ. ಈಗ ಹಾಸ್ಟೆಲಿನಲ್ಲಿರುವ ಮಗಳು ಹೈಸ್ಕೂಲು ಮುಗಿಸಿದ ಮೇಲೆ, ತಲೆಯಲ್ಲಿ ಬಿಳಿ ಕೂದಲು ಕಾಣಿಸಿಕೊಂಡ ವಯಸ್ಸಿನಲ್ಲಿ, ನಾನು ಡ್ರೈವಿಂಗ್ ಕಲಿತದ್ದು ಅದರಲ್ಲೇ. ಭಾನುವಾರದ ಬೆಳಿಗ್ಗೆಗಳಲ್ಲಿ ನಾಗರಬಾವಿಯ ಕಡೆಯ ಅಗಲ ರಸ್ತೆಗಳಲ್ಲಿ ಯಜಮಾನರು ಪಕ್ಕದಲ್ಲಿ ಕೂತು "ಕ್ಲಚ್ಚು, ಕ್ಲಚ್ಚು" ಎನ್ನುತ್ತಿದ್ದರು. ಅತ್ತೆ ಹಿಂದಿನ ಸೀಟಿನಲ್ಲಿ "ಶಿವಾ, ಶಿವಾ" ಎನ್ನುತ್ತಿದ್ದರು. ಎರಡರಲ್ಲಿ ಯಾವುದು ಕೆಲಸ ಮಾಡಿತೋ, ಕಲಿತೆ. ಆ ಕಾರಿನ ಮೂತಿ ಎಲ್ಲಿ ಮುಗಿಯುತ್ತದೆ, ಬಾಲ ಎಲ್ಲಿ ಮುಗಿಯುತ್ತದೆ ಎಂಬುದು ನನ್ನ ಮೈಗೆ ಗೊತ್ತು. ಯಜಮಾನರ ಆಫೀಸಿನ ದೊಡ್ಡ ಗಾಡಿಯನ್ನು ಒಮ್ಮೆ ಹತ್ತಿ ನೋಡಿದೆ, ಬಸ್ಸಿನಲ್ಲಿ ಕೂತ ಹಾಗಾಯಿತು, ಇಳಿದುಬಿಟ್ಟೆ. ಈ ಕಾರು ಹೋದರೆ ನಾನು ಇನ್ನು ಗಾಡಿ ಓಡಿಸುವುದಿಲ್ಲ ಎಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಬಾಯಿ ಬಿಟ್ಟು ಮಾತ್ರ ಹೇಳಿರಲಿಲ್ಲ.

ಉಪ್ಪಿಟ್ಟು ತಿನ್ನುವಾಗ ಹೇಳಿದೆ. "ರೀ, ಇವತ್ತೊಂದು ದಿನ ಕೊಡಿ. ಸಾಯಂಕಾಲ ಕೆಳಗೆ ಒಂದು ಹನಿ ಬಿದ್ದಿದ್ರೂ ಫೋನ್ ಮಾಡಿ, ನಾನೇನೂ ಅನ್ನಲ್ಲ."

"ನೀನೇನು ಮಾಡ್ತೀಯ ಒಂದು ದಿನದಲ್ಲಿ?"

"ಪೌಡರ್ ಹಾಕಿ ನೋಡ್ತೀನಿ."

ಅವರು ಚಮಚ ಕೆಳಗಿಟ್ಟು ನನ್ನ ಮುಖ ನೋಡಿದರು.

ಇದಕ್ಕೆ ನನ್ನ ಶಾಲೆಯ ಕಥೆ ಹೇಳಬೇಕು. ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಹೊಲಿಗೆ ಕಲಿಸುತ್ತಿದ್ದ ಒಬ್ಬ ಸಿಸ್ಟರ್ ಶಾಲೆಯ ವ್ಯಾನನ್ನೂ ಓಡಿಸುತ್ತಿದ್ದರು. ದೊಡ್ಡ ತರಗತಿಯ ಹುಡುಗಿಯರು ಬ್ಯಾಗಿನಲ್ಲಿ ಪೌಡರ್ ಡಬ್ಬಿ ತರುವುದು ನಿಷೇಧವಾಗಿತ್ತು. ನಾವೂ ತರುವುದನ್ನು ಬಿಡಲಿಲ್ಲ, ಸಿಸ್ಟರೂ ಹಿಡಿಯುವುದನ್ನು ಬಿಡಲಿಲ್ಲ. ಹಿಡಿದ ಡಬ್ಬಿಗಳೆಲ್ಲ ಎಲ್ಲಿಗೆ ಹೋಗುತ್ತವೆ ಎಂದು ನಮ್ಮಲ್ಲಿ ತರಹೇವಾರಿ ಊಹೆಗಳಿದ್ದವು. ಸಿಸ್ಟರುಗಳು ರಾತ್ರಿ ಬಾಗಿಲು ಹಾಕಿಕೊಂಡು ಹಚ್ಚಿಕೊಳ್ಳುತ್ತಾರೆ ಎಂಬುದು ನನ್ನ ಗೆಳತಿಯ ವಾದ. ಒಂದು ಮಧ್ಯಾಹ್ನ ಗುಟ್ಟು ಬಯಲಾಯಿತು. ಸಿಸ್ಟರ್ ಉಡುಪಿನ ತೋಳುಗಳನ್ನು ರಬ್ಬರ್ ಬ್ಯಾಂಡಿನಿಂದ ಮೇಲೆ ಕಟ್ಟಿಕೊಂಡು, ವ್ಯಾನಿನ ಇಂಜಿನ್ನನ್ನು ಒರೆಸಿ, ನನ್ನದೇ ಗುಲಾಬಿ ಬಣ್ಣದ ಡಬ್ಬಿಯಿಂದ ಅದರ ಮೇಲೆ ಪೌಡರ್ ಉದುರಿಸುತ್ತಿದ್ದರು. ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿ, ಕೈ ಕಟ್ಟಿ ನಿಂತರು. "ತಾಳಿ ಗರ್ಲ್ಸ್, ತಾಳಿ. ಎಣ್ಣೆ ಎಲ್ಲಿಂದ ಹೊರಟಿತು ಅಂತ ಅದೇ ತೋರಿಸುತ್ತೆ." ಬಿಳಿಯ ಮೇಲೆ ಎಣ್ಣೆ ಒಂದು ಗೆರೆ ಎಳೆದಾಗ ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಆ ಸಿಸ್ಟರ್ ಕಲಿಸಿದ ಹೊಲಿಗೆ ಎಷ್ಟೋ ಮರೆತಿದೆ. ಇದು ಮರೆತಿರಲಿಲ್ಲ, ಬೇಕಾಗಿರಲಿಲ್ಲ ಅಷ್ಟೇ.

ಇಂಜಿನ್ ತಣ್ಣಗಿತ್ತು. ಯಜಮಾನರು ಬಾನೆಟ್ ಎತ್ತಿ ಕೋಲು ಕೊಟ್ಟರು. ಬ್ಯಾಟರಿಗೆ ಪ್ಲಾಸ್ಟಿಕ್ ಕವರ್ ಮುಚ್ಚಿ, ಹಳೆಯ ಟೂತ್ ಬ್ರಷ್ಷು, ಪಾತ್ರೆ ತೊಳೆಯುವ ಸೋಪು, ಅವರದೇ ಹರಿದ ಬನಿಯನ್ನು ಹಿಡಿದು ಇಬ್ಬರೂ ಉಜ್ಜಿದೆವು. ದೇವರ ಮನೆಯ ಹಿತ್ತಾಳೆ ಉಜ್ಜಿದ ಕೈಗೆ ಇದೇನೂ ಹೊಸದಲ್ಲ. ಮೂಲೆಗಳಲ್ಲಿ ಎಣ್ಣೆ, ಧೂಳು, ಹೊಂಗೆ ಹೂವಿನ ಹುಡಿ ಸೇರಿ ಹಳೆಯ ಬೆಲ್ಲದ ಹಾಗೆ ಗಟ್ಟಿಯಾಗಿತ್ತು. ಒಂದೊಂದೇ ಪದರ ಹೋದಂತೆ ಕೆಳಗೆ ಬೂದುಬಣ್ಣದ ಲೋಹ ಕಾಣಿಸಿತು. ಇಷ್ಟು ವರ್ಷ ಇದರ ಮೇಲೆ ಸವಾರಿ ಮಾಡಿದ್ದೇನೆ, ಇದರ ಮುಖ ನೋಡಿದ್ದು ಅವತ್ತೇ.

ಒಣಗಿದ ಮೇಲೆ ಚಹಾ ಸೋಸುವ ಹಳೆಯ ಜಾಲರಿಗೆ ಪೌಡರ್ ಸುರಿದು, ಬೆರಳಿನಿಂದ ತಟ್ಟುತ್ತಾ ಉದುರಿಸಿದೆ.

"ಅದು ನನ್ನ ಪೌಡರ್ ಅಲ್ವಾ?" ಎಂದರು ಯಜಮಾನರು.

"ನಿಮ್ದು ಖಾಲಿಯಾಗಿ ವಾರ ಆಯ್ತು. ನೀವು ಹಚ್ಕೊಳ್ತಾ ಇರೋದೂ ನಂದೇ."

ವಾಸನೆಗೆ ಅತ್ತೆ ಹೊರಗೆ ಬಂದರು. ಅವರು ಹಾವೇರಿ ಕಡೆಯವರು. ಬೆಂಗಳೂರಿಗೆ ಬಂದು ಎಷ್ಟು ಕಾಲವಾದರೂ ಮಾತು ಅಲ್ಲಿಯದೇ. ಪೂಜೆ ಮುಗಿಸಿ ಹಣೆಯ ತುಂಬ ವಿಭೂತಿ ಇಟ್ಟುಕೊಂಡು, ಬಾಗಿಲಿಗೆ ಕೈ ಕೊಟ್ಟು ಇಂಜಿನ್ನನ್ನು ನೋಡಿದರು.

"ಅಯ್ಯ ಶಿವನ! ಇದಕ್ಕೂ ವಿಭೂತಿ ಹಚ್ಚೀಯೇನವಾ?"

"ಪೌಡರ್ ಅತ್ತೆ."

"ಮಾರೂ ಮುಂಚೆ ಸಿಂಗಾರ ಮಾಡಾಕತ್ತೀರೇನು? ಹೆಣ್ಣು ತೋರಿಸಿದಂಗ?"

ಯಜಮಾನರು ನಗು ತಡೆಯಲಾರದೆ ಕಾರಿನೊಳಗೆ ಕೂತು ಇಂಜಿನ್ ಸ್ಟಾರ್ಟ್ ಮಾಡಿದರು. ನಾನು ಬೆಲ್ಟಿನಿಂದ ದೂರ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಣ್ಣು ನೆಟ್ಟು ನಿಂತೆ. ಇಂಜಿನ್ನಿನ ನಡುಕಕ್ಕೆ ಪೌಡರ್ ಸಣ್ಣಗೆ ಹಾರಿ, ಪೋರ್ಟಿಕೋ ತುಂಬ ಕೂಸಿನ ತೊಟ್ಟಿಲಿನ ವಾಸನೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಪ್ಯಾಕಿಂಗಿನ ಅಂಚು ಸುತ್ತಲೂ ಬಿಳಿಯಾಗಿಯೇ ಇತ್ತು. ಹಾಗಾದರೆ ಗ್ಯಾರೇಜಿನವರು ಹೇಳಿದ್ದೇ ಸರಿ, ಹಿಂದಿನ ಸೀಲೇ ಇರಬೇಕು ಎಂದುಕೊಳ್ಳುವ ಹೊತ್ತಿಗೆ ಮೇಲೆ ಒಂದು ಕಡೆ ಬಿಳುಪು ಬಣ್ಣಗೆಟ್ಟಿತು.

ಎಣ್ಣೆ ಹುಯ್ಯುವ ಕಡೆ ಇರುವ ದುಂಡು ಮುಚ್ಚಳದ ಬುಡದಲ್ಲಿ, ಹಿಂಬದಿಗೆ. ಮೊದಲು ಒಂದು ಒದ್ದೆ ಚುಕ್ಕಿ. ಅದು ನಿಧಾನವಾಗಿ ದಪ್ಪವಾಗಿ, ಪೌಡರ್ ಹಚ್ಚಿಸಿಕೊಂಡ ಮಗು ಅತ್ತಾಗ ಕೆನ್ನೆಯ ಮೇಲೆ ಇಳಿಯುವ ಗೆರೆಯ ಹಾಗೆ, ಕವರಿನ ಹಿಂಬದಿಯಿಂದ ಕೆಳಕ್ಕೆ ಇಳಿಯಿತು. ಅಲ್ಲಿಂದ ನಮ್ಮ ಕಣ್ಣಿಗೆ ಕಾಣದ ಹಿಂದಿನ ಗೋಡೆಗುಂಟ ಹೋಗಿ ತಳ ಮುಟ್ಟುತ್ತಿತ್ತು. ಇಷ್ಟು ದಿನ ಎಲ್ಲರೂ ತಳ ನೋಡುತ್ತಿದ್ದರು.

"ರೀ, ಆಫ್ ಮಾಡಿ. ಬನ್ನಿ ಇಲ್ಲಿ."

ಅವರು ಬಂದು ಬಗ್ಗಿ ನೋಡಿದರು. ಮತ್ತೆ ಬಗ್ಗಿ ನೋಡಿದರು. "ಮುಚ್ಚಳಾನಾ?" ಎಂದರು. "ಬರೀ ಮುಚ್ಚಳ?"

ಬಿಸಿ ಆರುವವರೆಗೆ ಕಾದು, ಮುಚ್ಚಳ ತಿರುಗಿಸಿ ತೆಗೆದೆ. ಒಳಗಿನ ರಬ್ಬರ್ ಬಳೆ ಗಟ್ಟಿಯಾಗಿ ಒಂದು ಕಡೆ ಸೀಳಿತ್ತು. ಸೀಳಿನಲ್ಲಿ ಏನೋ ಅಡ್ಡ ಕೂತಿತ್ತು. ಹೇರ್‌ಪಿನ್ನಿನಿಂದ ಎಬ್ಬಿಸಿದರೆ ಕಪ್ಪಗಿನ ಒಂದು ಎಳೆ ಬಂತು. ಬನಿಯನ್ನಿನಿಂದ ಒರೆಸಿ ಬೆಳಕಿಗೆ ಹಿಡಿದೆ. ದಾರ. ಅದರಲ್ಲಿ ಇನ್ನೂ ಎರಡು ಗಂಟು. ಹೂ ಕಟ್ಟುವವರು ಹಾಕುವಂಥ ಗಂಟು.

ನನಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಎಲ್ಲಾ ಒಟ್ಟಿಗೆ ಅರ್ಥವಾಯಿತು. ನಮ್ಮ ಮನೆಯಲ್ಲಿ ಆಯುಧಪೂಜೆಗೆ ಕಾರಿನ ಹೊರಮೈಗೆ ಮಾತ್ರ ಪೂಜೆ ಮಾಡಿದರೆ ಅತ್ತೆಗೆ ಸಮಾಧಾನವಿಲ್ಲ. "ದುಡಿಯೂದು ಒಳಗಿನದು" ಎಂದು ಬಾನೆಟ್ ತೆಗೆಸಿ ಇಂಜಿನ್ನಿಗೂ ವಿಭೂತಿ, ಕುಂಕುಮ, ಹೂವು. ನಿಂಬೆಹಣ್ಣು ತುಳಿಸುವಾಗ ಕುಲುಕಾಟಕ್ಕೆ ಹೂವು ಬೀಳಬಾರದೆಂದು ಸೇವಂತಿಗೆ ಮಾಲೆಯ ತುದಿಯನ್ನು ಆ ಮುಚ್ಚಳಕ್ಕೆ ಸುತ್ತಿ ಸಿಕ್ಕಿಸುತ್ತಾರೆ. ಹಬ್ಬದ ದಿನ ಎಲ್ಲರಿಗೂ ಹೊಸದಿರುವಾಗ ಅದಕ್ಕೂ ಇರಲಿ ಎಂದು ಯಜಮಾನರು ಆ ಹೊತ್ತಿಗೇ ಒಂದಿಷ್ಟು ಹೊಸ ಎಣ್ಣೆ ಹುಯ್ಯುತ್ತಾರೆ. ಕಳೆದ ಸಲ ಮಾಲೆ ಸುತ್ತಿದ ಮೇಲೆ ಎಣ್ಣೆಯ ನೆನಪಾಗಿ, ಮುಚ್ಚಳ ತೆಗೆದು, ಹುಯ್ದು, ಮಂಗಳಾರತಿಗೆ ತಡವಾಗುತ್ತದೆಂದು ಅವಸರದಲ್ಲಿ ತಿರುಗಿಸಿದ್ದರು. ಮಾರನೆಯ ದಿನ ಬಾಡಿದ ಹೂವನ್ನು ಕಿತ್ತೆಸೆದಾಗ ಹೂವು ಬಂತು, ದಾರದ ತುಣುಕು ಒಳಗೇ ಉಳಿಯಿತು.

ಸೋರಿಕೆ ಶುರುವಾದದ್ದು ದೀಪಾವಳಿಯ ಆಸುಪಾಸು. ನಾವು ಯಾರೂ ಎರಡನ್ನೂ ಕೂಡಿಸಿ ನೋಡಿರಲಿಲ್ಲ.

"ಅವ್ವಾ, ನೋಡು. ನಿನ್ನ ಹೂವು" ಎಂದು ಯಜಮಾನರು ದಾರವನ್ನು ಅತ್ತೆಯ ಮುಂದೆ ಹಿಡಿದರು.

ಅತ್ತೆ ಕನ್ನಡಕ ಸರಿ ಮಾಡಿಕೊಂಡರು. "ಹೂವು ಏನ್ ಮಾಡ್ತದೋ ಪಾಪ? ಮುಚ್ಚಿದ ಕೈ ಯಾರದು, ಅದನ್ನ ಕೇಳು."

"ಅರ್ಜೆಂಟ್ ಮಾಡಿದ್ದು ಯಾರು?"

"ನಾ ಮಂಗಳಾರತಿಗೆ ಅರ್ಜೆಂಟ್ ಮಾಡೀನಿ. ಮುಚ್ಚಳಕ್ಕ ಮಾಡಿಲ್ಲ." ಹಾಗೆಂದು, ಆ ದಾರವನ್ನು ಮಗನ ಕೈಯಿಂದ ತೆಗೆದುಕೊಂಡು, ಪೂಜೆಯದೆಂದು ಕಸಕ್ಕೆ ಹಾಕಲು ಮನಸ್ಸಾಗದೆ ತುಳಸಿ ಕಟ್ಟೆಯ ಹತ್ತಿರ ಹೋದರು. ಅಲ್ಲಿ ನಿಂತು ಬೆರಳು ಮೂಸಿ ನೋಡಿ, ತುಳಸಿಗೆ ಎಣ್ಣೆ ಆಗದು ಎಂದು ಪಕ್ಕದ ದಾಸವಾಳದ ಬುಡಕ್ಕೆ ಹಾಕಿ ಬಂದರು.

ಯಜಮಾನರು ಮುಚ್ಚಳವನ್ನು ಜೇಬಿಗೆ ಹಾಕಿಕೊಂಡು ಬೈಕಿನಲ್ಲಿ ಮಾಗಡಿ ರೋಡಿನ ಕಡೆ ಹೋದರು. ಭಾನುವಾರ ಬಿಡಿಭಾಗದ ಅಂಗಡಿ ತೆರೆದಿರುತ್ತದೋ ಇಲ್ಲವೋ ಎಂದು ನನಗೆ ಒಳಗೊಳಗೇ ಆತಂಕ. ನಾಳೆಗೆ ಹೋದರೆ ಮಾತು ಮುಗಿಯಿತು. ಒಂದೇ ದಿನ ಎಂದವಳು ನಾನೇ. ಇಂಜಿನ್ನಿನ ತೆರೆದ ಬಾಯಿಗೆ ಧೂಳು ಬೀಳದಂತೆ ಒಗೆದ ಕರ್ಚೀಫು ಮುಚ್ಚಿ, ಅದರ ಮೇಲೆ ಸ್ಟೀಲಿನ ಲೋಟ ಬೋರಲು ಹಾಕಿ, ಕಾವಲು ಕೂತೆ.

ಅವರು ಬಂದಾಗ ಒಂದು ಕೈಯಲ್ಲಿ ರಬ್ಬರ್ ಬಳೆಯ ಸಣ್ಣ ಪೊಟ್ಟಣ, ಇನ್ನೊಂದು ಕೈಯಲ್ಲಿ ಅವರೆಕಾಯಿಯ ದೊಡ್ಡ ಚೀಲ. "ಗೋವಿಂದರಾಜನಗರದ ಹತ್ರ ಸಿಕ್ತು. ಸೀಸನ್ ಮುಗೀತು, ಇನ್ನು ಸಿಗಲ್ಲ ಅಂದ್ರು." ಚೀಲ ನೋಡಿದ ಕೂಡಲೆ ಅಂಗಡಿ ತೆರೆದಿತ್ತು, ಮನಸ್ಸೂ ಹಗುರಾಗಿದೆ ಎಂದು ತಿಳಿಯಿತು. ಮುನಿಸಿಕೊಂಡವರು ಅವರೆಕಾಯಿ ತರುವುದಿಲ್ಲ.

ಹೊಸ ಬಳೆಗೆ ಒಂದು ಹನಿ ಎಣ್ಣೆ ಸವರಿ, ಮುಚ್ಚಳದ ಒಳಗಿನ ತೋಡಿನಲ್ಲಿ ಕೂರಿಸಿದೆ. ಯಜಮಾನರು ಇಕ್ಕಳ ತಂದರು.

"ಬೇಡ ರೀ, ಕೈಯಲ್ಲೇ ಸಾಕು. ಕುಕ್ಕರ್ ಗ್ಯಾಸ್ಕೆಟ್ ಹಾಗೇನೇ. ಜಾಸ್ತಿ ಬಿಗಿ ಮಾಡಿದ್ರೆ ಹಿಂಡಿಹೋಗುತ್ತೆ."

"ಕುಕ್ಕರೂ ಇದೂ ಒಂದೇನಾ?"

"ಕೂಗೋದು ಬೇರೆ, ಅಷ್ಟೇ."

ಊಟವಾದ ಮೇಲೆ ಮೂವರೂ ಅವರೆಕಾಯಿ ಬಿಡಿಸಿದೆವು. ಬಿಸಿಲು ಇಳಿದಾಗ ನಾನೇ ಕೀಲಿ ತೆಗೆದುಕೊಂಡೆ. ನಾಗರಬಾವಿಯವರೆಗೆ ಹೋಗಿ, ಡ್ರೈವಿಂಗ್ ಕಲಿತ ಅದೇ ರಸ್ತೆಗಳಲ್ಲಿ ಒಂದು ಸುತ್ತು ಹಾಕಿ ಬಂದೆ. ಯಜಮಾನರು ಪಕ್ಕದಲ್ಲಿ ಕೂತಿದ್ದರು, ಕ್ಲಚ್ಚಿನ ಹೆಸರು ಎತ್ತಲಿಲ್ಲ. ಸಿಗ್ನಲ್ಲುಗಳಲ್ಲಿ ನಿಂತಾಗ ಬರುತ್ತಿದ್ದ ಸುಟ್ಟ ಎಣ್ಣೆಯ ವಾಸನೆ ಅವತ್ತು ಇರಲಿಲ್ಲ. ಅದರ ಬದಲು ಬಾನೆಟ್ಟಿನ ಸಂದಿಯಿಂದ ಪೌಡರಿನ ಘಮ ತೇಲಿ ಬರುತ್ತಿತ್ತು. ಪಕ್ಕದಲ್ಲಿ ನಿಂತ ಆಟೋದವನೊಬ್ಬ ಮೂಗೆತ್ತಿ ಸುತ್ತ ನೋಡಿದ.

ಮನೆಗೆ ಬಂದು, ಹಳೆಯ ರಟ್ಟನ್ನು ಎಳೆದು ಗೇಟಿಗೆ ಒರಗಿಸಿದೆ. ಸಣ್ಣ ಹನಿಯೂ ಕಾಣುವಂಥ ಬಿಳಿಯದೇನಾದರೂ ಬೇಕಿತ್ತು. ಕಳೆದ ವರ್ಷದ ಕ್ಯಾಲೆಂಡರ್ ತಂದರೆ ಅತ್ತೆ ತಡೆದರು. "ದೇವ್ರ ಮುಖ ಕೆಳಗ ಮಾಡಿ ಕಾರಿನ ಬುಡಕ್ಕ ಇಡ್ತೀಯೇನವಾ?" ಅದೂ ಸರಿಯೇ. ಒಳಗೆ ಹೋಗಿ ಹಳೆಯ ಬಿಳಿ ದಿಂಬಿನ ಚೀಲ ತಂದು ಹಾಸಿದೆ.

ಅತ್ತೆ ದೇವರ ದೀಪ ಹಚ್ಚಿದರು. ನಾನು ಸಾರಿಗೆ ಒಗ್ಗರಣೆ ಹಾಕಿದೆ. ಸಾಸಿವೆ ಸಿಡಿಯುವುದರ ನಡುವೆಯೂ ಕಿವಿ ಪೋರ್ಟಿಕೋದಲ್ಲೇ. ಯಜಮಾನರು ಟಾರ್ಚ್ ಹಿಡಿದು ಹೊರಗೆ ಹೋದ ಸದ್ದು ಕೇಳಿ, ಸೌಟು ಕೈಯಲ್ಲೇ ಹಿಡಿದು ಹಿಂದೆಯೇ ಹೋದೆ. ಅವರು ಮಂಡಿಯೂರಿ ಬಗ್ಗಿದ್ದರು.

"ಬಿದ್ದಿದೆ ಕಣೇ" ಎಂದರು ಮೆಲ್ಲಗೆ.

ನಾನೂ ಪಕ್ಕದಲ್ಲಿ ಬಗ್ಗಿ ನೋಡಿದೆ. ದಿಂಬಿನ ಚೀಲದ ಮೇಲೆ ಅಂಗೈಯಷ್ಟು ಒದ್ದೆ. ಅವರು ಕೈ ಚಾಚಿ ಚೀಲ ಎಳೆದು, ಬೆರಳಿಟ್ಟು, ಎರಡು ಬೆರಳ ನಡುವೆ ಉಜ್ಜಿ, ಮೂಸಿದರು. ಮತ್ತೆ ಮೂಸಿದರು. ಆಮೇಲೆ ಆ ಬೆರಳನ್ನು ನನ್ನ ಮೂಗಿನ ಹತ್ತಿರ ತಂದರು.

"ನೀರು" ಎಂದರು. "ಬರೋವಾಗ ಏಸಿ ಹಾಕಿದ್ಯಲ್ಲ, ಅದು."

ಚೀಲವನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದೆವು. ಎಲ್ಲೂ ಕಪ್ಪಿಲ್ಲ, ಕಂದಿಲ್ಲ. ಅವರು ಅಲ್ಲೇ ಕಟ್ಟೆಯ ಮೇಲೆ ಕೂತು ಫೋನ್ ತೆಗೆದರು. "ಸಾರ್, ಗಾಡಿ ನೋಡೋಕೆ ನೀವು ಬರೋದು ಬೇಡ. ಇಲ್ಲ ಇಲ್ಲ, ಬೇರೆಯವ್ರಿಗೆ ಕೊಟ್ಟಿಲ್ಲ. ಗಾಡಿ ಮನೆಯವ್ರೇ ಇಟ್ಕೊಳ್ತಾರಂತೆ." ಮನೆಯವರು ಎನ್ನುವಾಗ ನನ್ನ ಕಡೆ ನೋಡಲಿಲ್ಲ. ನಾನೂ ಕೈಯಲ್ಲಿದ್ದ ಸೌಟನ್ನೇ ನೋಡುತ್ತಾ ನಿಂತೆ.

ಅಷ್ಟು ಹೊತ್ತಿಗೆ ಎದುರು ಮನೆಯವರು ಕೊತ್ತಂಬರಿ ಕಟ್ಟು ಹಿಡಿದು ಅಂಗಡಿಯಿಂದ ಬರುತ್ತಿದ್ದರು. ನಮ್ಮ ಗೇಟಿಗೆ ಒರಗಿಸಿದ್ದ ರಟ್ಟನ್ನು ಕಂಡು ನಿಂತು, ಕಾಲಿನ ತುದಿಯಿಂದ ಒಮ್ಮೆ ಅದನ್ನು ಮುಟ್ಟಿ ನೋಡಿದರು.

"ಏನ್ರೀ, ಇದು ನಿಮ್ಗೆ ಬೇಡ್ವಾ? ಬೇಡ ಅಂದ್ರೆ ನಾನ್ ತಗೊಂಡ್ಹೋಗ್ತೀನಿ, ನಮ್ ಯಜಮಾನ್ರ ಸ್ಕೂಟರ್ ಮೊನ್ನೆಯಿಂದ ಅಭ್ಯಂಜನ ಶುರು ಹಚ್ಕೊಂಡಿದೆ."